ರಾಯಣ್ಣನ ಮೂರ್ತಿ ಉಂಟು, ರಾಯಣ್ಣನ ಹೊಲ ಎಲ್ಲಿ?

ಸಂಗೊಳ್ಳಿ ರಾಯಣ್ಣ ಯಾತಕ್ಕೆ ಕತ್ತಿ ಹಿರಿದನೆಂದು ಯಾವ ಸಭೆಯಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಕಿತ್ತೂರ ಸಂಸ್ಥಾನವನ್ನು ಉಳಿಸಲಿಕ್ಕೆ, ದತ್ತಕ ಬಂದ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡ್ರಿಸಲಿಕ್ಕೆ, ಪರಕೀಯರನ್ನು ಹೊರದೂಡಲಿಕ್ಕೆ. ಈ ಉತ್ತರ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಇದರ ಜೊತೆಗೆ ಇನ್ನೊಂದು ಮಾತು ಇದೆ. ಅದನ್ನು ಉತ್ಸವದ ಮಂಟಪಗಳಲ್ಲಿ ಹಾರ ಹಾಕಿಸಿಕೊಳ್ಳುವ ಮುಖಂಡರು ಬಾಯಿತಪ್ಪಿಯೂ ಆಡುವುದಿಲ್ಲ. ರಾಯಣ್ಣನ ಮನೆತನಕ್ಕೆ ಒಂದು ಹೊಲವಿತ್ತು. ಕಂಪನಿ ಸರಕಾರ ಅದರಲ್ಲಿ ಅರ್ಧ ಕಸಿದುಕೊಂಡಿತು, ಉಳಿದ ಅರ್ಧಕ್ಕೆ ತಾಳಲಾರದ ತೆರಿಗೆ ಹೊರಿಸಿತು.

ರಾಯಣ್ಣ ಶೇತಸನದಿ. ಈ ಶಬ್ದದ ಅರ್ಥವನ್ನು ಇಂದಿನ ತರುಣರು ಮರೆತಿದ್ದಾರೆ. ಶೇತ ಎಂದರೆ ಹೊಲ, ಸನದು ಎಂದರೆ ಬರೆದುಕೊಟ್ಟ ಹಕ್ಕುಪತ್ರ. ಊರನ್ನು ಕಾಯುವುದು, ಸಂಸ್ಥಾನಕ್ಕೆ ದಂಡು ಬೇಕಾದಾಗ ಆಯುಧ ಹಿಡಿದು ಹೋಗುವುದು, ಈ ಸೇವೆಗೆ ರೋಖ ಪಗಾರದ ಬದಲು ಹೊಲ ಬಿಟ್ಟಿರುತ್ತಿದ್ದರು. ಅದನ್ನು ಉತ್ತು ಬೆಳೆದು ಉಣ್ಣುವವನೇ ಶೇತಸನದಿ. ಗಿರಣಿಯ ಗೆಳೆಯರಿಗೆ ತಿಳಿಯುವಂತೆ ಹೇಳಬೇಕಾದರೆ, ಆ ಹೊಲವೇ ಅವನ ಪಗಾರ. ಒಂದು ಮುಂಜಾನೆ ಗಿರಣಿಯ ಮಾಲೀಕ ಬಂದು, ಕೆಲಸ ಮಾತ್ರ ಮೊದಲಿನಂತೆ ಮಾಡಿರಿ, ಪಗಾರದಲ್ಲಿ ಅರ್ಧ ನನ್ನದು, ಉಳಿದರ್ಧಕ್ಕೂ ದಂಡ ಕಟ್ಟಿರಿ ಎಂದರೆ ಏನಾದೀತು? 1824ರಲ್ಲಿ ಕಿತ್ತೂರ ಬಿದ್ದ ಮೇಲೆ ಶೇತಸನದಿಗಳ ಗತಿ ಅದೇ ಆಯಿತು.

ಸೀಮೆಯ ಜನ ರಾಯಣ್ಣನ ಮನೆತನದ ಆ ಹೊಲವನ್ನು ರಕ್ತಮಾನ್ಯದ ಹೊಲವೆಂದು ಹೇಳುತ್ತ ಬಂದಿದ್ದಾರೆ. ರಕ್ತ ಸುರಿಸಿದವನ ಮನೆತನಕ್ಕೆ ಬಿಟ್ಟ ಮಾನ್ಯ ರಕ್ತಮಾನ್ಯ. ಈ ರೂಢಿ ನಿನ್ನೆ ಮೊನ್ನೆಯದಲ್ಲ. ಸಾವಿರ ವರುಷದ ಹಿಂದಿನ ವೀರಗಲ್ಲುಗಳಲ್ಲಿ, ತುರುಗಳನ್ನು ಮರಳಿಸಲು ಹೋಗಿ ಸತ್ತವನ ಮಕ್ಕಳಿಗೆ ಭೂಮಿ ಬಿಟ್ಟ ಸಂಗತಿ ಇದೆ. ಅದನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು. ಬಿಟ್ಟ ಭೂಮಿಯ ನಾಲ್ಕೂ ದಿಕ್ಕಿನ ಎಲ್ಲೆಯನ್ನು ಶಾಸನದಲ್ಲಿ ಕೊರೆಯುತ್ತಿದ್ದರು: ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಸೆಯ ಮರ, ಪಡುವಲಿಗೆ ಹಿರಿಯ ದಾರಿ ಎಂದು ಹೀಗೆ. ಶಿವಾಲಯಕ್ಕೆ ಬಿಟ್ಟ ಹೊಲದ ಮೂಲೆಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ಗುಡಿಗೆ ಬಿಟ್ಟ ಹೊಲಕ್ಕೆ ವಾಮನಮುದ್ರೆಯ ಕಲ್ಲು ನೆಡುತ್ತಿದ್ದರು. ಎಲ್ಲೆ ಕಿತ್ತವನಿಗೆ ಗಂಗೆಯ ದಂಡೆಯಲ್ಲಿ ಕಪಿಲೆಯನ್ನು ಕೊಂದ ಪಾಪವೆಂದೂ, ಅರವತ್ತು ಸಾವಿರ ವರುಷ ಹೇಸಿಗೆಯ ಹುಳುವಾಗಿ ಹುಟ್ಟುವನೆಂದೂ ಶಾಪ ಬರೆಯುತ್ತಿದ್ದರು. ಪೊಲೀಸರಿಲ್ಲದ ಕಾಲದಲ್ಲಿ ಶಾಪವೇ ಕಾಯಿದೆ. ಇಂದು ಪೊಲೀಸರಿದ್ದಾರೆ, ಕಾಯಿದೆ ಇದೆ, ಆದರೆ ಎಲ್ಲೆಯ ಕಲ್ಲು ರಾತ್ರೋರಾತ್ರಿ ನಡೆದಾಡುತ್ತದೆ!

ಈ ವಿಷಯವನ್ನು ಈಗ ಯಾಕೆ ಎತ್ತಿದೆನೆಂದು ವಾಚಕರು ಕೇಳಬಹುದು. ಬಹು ದೂರದ ಒಂದು ದೇಶದ ಸಂಗತಿಯನ್ನು ಓದಿದ್ದು ಇದಕ್ಕೆ ಕಾರಣ. ಇಂಗ್ಲಂಡದ ಬಡಗಲಿಗೆ ಸ್ಕಾಟ್ಲಂಡವೆಂಬ ದೇಶ ಇದೆ. ಅಲ್ಲಿ ಸರಕಾರ ಕಾಯುತ್ತಿರುವ ಪ್ರಾಚೀನ ಸ್ಮಾರಕಗಳ ಪಟ್ಟಿಯಲ್ಲಿ ಸುಮಾರು 8,000 ಸ್ಥಳಗಳಿವೆ. ಅವೆಲ್ಲ ಕೋಟೆ ಅರಮನೆಗಳೆಂದು ತಿಳಿಯಬೇಡಿರಿ. ಹಳೆಯ ಹೊಲಗಳ ಸುತ್ತ ಹಾಕಿದ ಮಣ್ಣಿನ ಒಡ್ಡು, ದನ ಕೂಡುತ್ತಿದ್ದ ಕಲ್ಲಿನ ಬೇಲಿ, ನೇಗಿಲು ಸಾಗಿದ ಸಾಲಿನ ಗುರುತು, ಇವೂ ಆ ಪಟ್ಟಿಯಲ್ಲಿ ಸೇರಿವೆ. 1979ರ ಕಾಯಿದೆಯ ಪ್ರಕಾರ ಹೊಲದ ಒಡೆತನ ಒಡೆಯನದೇ, ಆದರೆ ಅಪ್ಪಣೆಯಿಲ್ಲದೆ ಒಡ್ಡನ್ನು ಒಡೆದರೆ ಅವನ ಮೇಲೆ ಫೌಜದಾರಿ ಖಟ್ಲೆ ಹೂಡಬಹುದು. ಮೊಣಕಾಲೆತ್ತರದ ಒಂದು ಹುಲ್ಲುಗಟ್ಟಿದ ಒಡ್ಡಿಗೆ ನಮ್ಮಲ್ಲಿಯ ಗೋಳಗುಮ್ಮಟದ ಮಾನ!

ಇದನ್ನು ಓದಿ ಮೊದಲು ನನಗೆ ಸಂತೋಷವೇ ಆಯಿತು. ರಾಜರ ಗೋರಿಗಳಷ್ಟೇ ಇತಿಹಾಸವಲ್ಲ, ಒಕ್ಕಲಿಗನ ಬದುವೂ ಇತಿಹಾಸವೆಂದು ಒಪ್ಪಿದ ಸರಕಾರ ಒಂದಾದರೂ ಇದೆಯಲ್ಲ ಎಂದು. ಆದರೆ ಮುಂದೆ ಓದಿದಂತೆ ಅದರ ಇನ್ನೊಂದು ಮಗ್ಗಲು ತಿಳಿಯಿತು. ಸ್ಟ್ರಾಥ್‌ನೇವರ್ ಎಂಬ ಕಣಿವೆಯಲ್ಲಿ ರೋಸಲ್ ಎಂಬುದೊಂದು ಹಳ್ಳಿ ಇತ್ತು. ಇಂದು ಅದು ಸಂರಕ್ಷಿತ ಸ್ಥಳ. ಊರ ಹೊಲಗಳನ್ನೆಲ್ಲ ಒಳಗಿಟ್ಟುಕೊಂಡು ಸುತ್ತಲೂ ಹಾಕಿದ ಒಡ್ಡು ಈಗಲೂ ಕಾಣುತ್ತದೆ. 1962ರಲ್ಲಿ ಪಂಡಿತರು ಅಳೆದು ನೋಡಿದಾಗ ಒಳಗೆ ಸುಮಾರು 70 ಕಟ್ಟಡಗಳ ತಳಪಾಯ ಸಿಕ್ಕವು. ಸುತ್ತಲೆಲ್ಲ ಸರಕಾರದವರು ಗಿಡ ನೆಟ್ಟರು, ಆ ಊರಿನ ಆವರಣವನ್ನು ಮಾತ್ರ ಬಯಲಾಗಿ ಬಿಟ್ಟರು. ಒಂದು ಮನೆಯಲ್ಲಿಯೂ ಒಲೆ ಉರಿಯುವುದಿಲ್ಲ. 1814ರಿಂದ 1818ರ ಒಳಗೆ ಅಲ್ಲಿಯ ಒಕ್ಕಲುಗಳನ್ನೆಲ್ಲ ಜಹಗೀರದಾರಿಣಿಯ ಕಾರಭಾರಿಗಳು ಹೊರಗೆ ಹಾಕಿದರು. ಕಾರಣ, ಮನುಷ್ಯರಿಂದ ಬರುವ ಖಂಡಕ್ಕಿಂತ ಕುರಿಯ ಉಣ್ಣೆಯಿಂದ ಬರುವ ರೊಕ್ಕ ಹೆಚ್ಚು. ಮನೆ ಬಿಡದವರ ಮಾಡಿನ ತೊಲೆಗಳಿಗೆ ಬೆಂಕಿ ಇಟ್ಟರು. ಪ್ಯಾಟ್ರಿಕ್ ಸೆಲ್ಲರ್ ಎಂಬ ಕಾರಭಾರಿಯ ಮೇಲೆ 1816ರಲ್ಲಿ ಮನುಷ್ಯಹತ್ಯೆಯ ಖಟ್ಲೆ ನಡೆಯಿತು. ಪಂಚರ ಪೈಕಿ ಭೂಮಾಲೀಕರು ಕುಳಿತಿದ್ದರು, ಅವನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಆ ಕಣಿವೆಯ ಕುರಿಗಾವಲನ್ನು ಗುತ್ತಿಗೆ ಹಿಡಿದವನೂ ಅವನೇ.

ಹೊರಗೆ ಬಿದ್ದ ಆ ಒಕ್ಕಲುಗಳು ಎಲ್ಲಿಗೆ ಹೋದರು? ಕೆಲವರು ಸಮುದ್ರದ ದಂಡೆಯ ಕಲ್ಲುನೆಲಕ್ಕೆ, ಕೆಲವರು ಹಡಗು ಹತ್ತಿ ಕೆನಡಾಕ್ಕೆ, ಉಳಿದವರು ಗ್ಲಾಸ್ಗೋದಂಥ ಊರುಗಳ ಗಿರಣಿಗಳ ಬಾಗಿಲಿಗೆ. ಗಿರಣಿ ಕಾಮಗಾರನೆಂಬ ಪ್ರಾಣಿ ಆಕಾಶದಿಂದ ಉದುರಿದ್ದಲ್ಲ. ಅವನು ಹೊಲ ಕಳಕೊಂಡ ಒಕ್ಕಲಿಗ. 1880ರ ದಶಕದಲ್ಲಿ ಗೋಕಾಕ ಫಾಲ್ಸದಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗಿರಣಿ ತಿರುಗಲಿಕ್ಕೆ ಹತ್ತಿದಾಗ ಅದರ ಸಾಂಚೆಗಳ ಮುಂದೆ ಬಂದು ನಿಂತ ಕೈಗಳೂ ಹಳ್ಳಿಯ ಕೈಗಳೇ. ಈ ಪತ್ರಿಕೆಯನ್ನು ಓದುವ ಕಾಮಗಾರ ಬಂಧುಗಳು ತಮ್ಮ ಅಜ್ಜನ ಹೊಲ ಯಾವಾಗ ಯಾರ ಹೆಸರಿಗೆ ಹೋಯಿತೆಂದು ಮನೆಯ ಹಿರಿಯರನ್ನು ಕೇಳಿ ನೋಡಲಿ.

ಇಲ್ಲಿ ಒಂದು ವಿಚಿತ್ರವಾದ ಹೊಂದಿಕೆ ಇದೆ. ರೋಸಲ್ ಬರಿದಾದ 1818ರಲ್ಲಿಯೇ ಪೇಶವೆಯ ರಾಜ್ಯ ಮುಳುಗಿ ನಮ್ಮ ಸೀಮೆ ಕಂಪನಿಯ ಕೈಗೆ ಬಂತು. ಬೆಳಗಾವಿ ಕೋಟೆಯನ್ನು ಮುತ್ತಿ ಹಿಡಿದ ಥಾಮಸ್ ಮನ್ರೋ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಕಿತ್ತೂರಿನ ದತ್ತಕವನ್ನು ಒಪ್ಪದೆ ಹೋದ 1824ರಲ್ಲಿ ಮುಂಬಯಿಯ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನೂ ಸ್ಕಾಟ್ಲಂಡದವನೇ. ಇವರಿಬ್ಬರೂ ವಿದ್ಯಾವಂತರು. ಮನ್ರೋ ರೈತವಾರಿಯ ಪರವಾಗಿ ವಾದಿಸಿದವನೆಂದು ಹೊಗಳುವವರೂ ಇದ್ದಾರೆ. ಅವರು ಕೆಟ್ಟವರಿದ್ದರೋ ಒಳ್ಳೆಯವರಿದ್ದರೋ ಎಂಬ ತಂಟೆ ನಮಗೆ ಬೇಡ. ಅವರ ದೇಶದಲ್ಲಿ ಒಕ್ಕಲಿಗನ ಪುರಾತನ ಹಕ್ಕಿಗೆ ಕಾಗದವಿಲ್ಲ, ಆದ್ದರಿಂದ ಅದು ಹಕ್ಕೇ ಅಲ್ಲವೆಂದು ನ್ಯಾಯ ಹೇಳಿತು. ಅದೇ ನ್ಯಾಯ ಹಡಗಿನಲ್ಲಿ ಕೂತು ಮಲಪ್ರಭೆಯ ದಂಡೆಗೂ ಬಂದಿತು. ಇಲ್ಲಿಯಂತೂ ಕಾಗದ ಇದ್ದರೂ ಒಪ್ಪಲಿಲ್ಲ, ಕಾಗದ ಕೊಟ್ಟವನೇ ಹೋದ ಮೇಲೆ ಸನದಿಗೆ ಬೆಲೆಯೇನು ಎಂದರು.

1824ರ ಅಕ್ಟೋಬರ 23ಕ್ಕೆ ಕಿತ್ತೂರ ಬಾಗಿಲಲ್ಲಿ ಕಲೆಕ್ಟರ ಥ್ಯಾಕರೆ ಬಿದ್ದದ್ದು, ಡಿಸೆಂಬರದಲ್ಲಿ ಕೋಟೆ ಬಿದ್ದದ್ದು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚನ್ನಮ್ಮ ತೀರಿಕೊಂಡದ್ದು ಎಲ್ಲರಿಗೂ ಗೊತ್ತಿದೆ. 1830ರಲ್ಲಿ ರಾಯಣ್ಣ ಎದ್ದಾಗ ಅವನ ಹಿಂದೆ ಬಂದವರು ಯಾರು? ಸರದಾರರು ಬಹು ಮಂದಿ ಬರಲಿಲ್ಲ. ಬಂದವರು ಹೊಲ ಕಳಕೊಂಡ ಶೇತಸನದಿಗಳು, ಬೇಡರು, ಕುರುಬರು, ಸಿದ್ದಿಗಳು. ಅವರು ಬೆಂಕಿ ಇಟ್ಟದ್ದು ಬೀಡಿಯ ಕಚೇರಿಗೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ದೊಡ್ಡ ಅರ್ಥವಿದೆ. ಗಡಿಯಲ್ಲಿದ್ದ ಪಲಟಣಿನ ಮೇಲೆ ಏರಿ ಹೋಗುವುದಕ್ಕಿಂತ ಮೊದಲು ಅವರಿಗೆ ಕಂಡ ವೈರಿ ಕಚೇರಿ, ತೆರಿಗೆಯ ಲೆಕ್ಕ ಇರುವ ಮನೆ. ತಾಯಿ ಕೆಂಚವ್ವನನ್ನು ಬಾಕಿಗಾಗಿ ಬಿಸಿಲಲ್ಲಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಹೇರಿದರೆಂದು ಜನ ಕಥೆ ಹೇಳುವುದೂ ಆ ಬಾಕಿಯ ಸಲುವಾಗಿಯೇ. ಏಪ್ರಿಲದಲ್ಲಿ ಮೋಸದಿಂದ ಸೆರೆಸಿಕ್ಕ ರಾಯಣ್ಣನನ್ನು 1831ರ ಜನೆವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೇರಿಸಿದರು. ಗೊಂದಲಿಗರು, ಲಾವಣಿಕಾರರು ಅವನನ್ನು ಉಳಿಸಿಕೊಂಡರು. ಅದೇ ಸರಕಾರದ ನೌಕರಿಯಲ್ಲಿದ್ದ ಫ್ಲೀಟ ಸಾಹೇಬನೂ ಮುಂದೆ ಸಂಗೊಳ್ಳಿ ರಾಯನ ಲಾವಣಿಯನ್ನು ಬರೆದು ಅಚ್ಚು ಹಾಕಿಸಿದ. ಹೊಲ ಮಾತ್ರ ಯಾರೂ ಬರೆದಿಡಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುವಂಥ ಕಥೆ. 1852ರಲ್ಲಿ ಇನಾಮ ಕಮೀಶನ್ನಿಗೆ ಕಾಯಿದೆಯ ಬಲ ಬಂದಿತು, ಸನದು ತೋರಿಸಲಾರದವರ ಸಾವಿರಾರು ಇನಾಮುಗಳು ಸರಕಾರದ ಪಾಲಾದವು. ಆ ಕಮೀಶನ್ನಿನಲ್ಲಿ ಕೆಲಸ ಮಾಡಿದ ಮ್ಯಾನ್ಸನ್ ಸಾಹೇಬನೇ 1858ರಲ್ಲಿ ನರಗುಂದದ ಭಾಸ್ಕರರಾವ ಬಾಬಾಸಾಹೇಬನ ಕೈಯಲ್ಲಿ ಸತ್ತದ್ದು ಆಕಸ್ಮಿಕವೆಂದು ಯಾರು ನಂಬುತ್ತಾರೆ? ಅದೇ ಕಾಲಕ್ಕೆ ಸರ್ವೆಯವರು ಸರಪಳಿ ಎಳೆದುಕೊಂಡು ಬಂದು ಹೊಲಗಳಿಗೆಲ್ಲ ನಂಬರು ಕೊಟ್ಟರು, ಮೂಲೆಗೆ ಬಾಂದಗಲ್ಲು ನೆಟ್ಟರು, ಟಿಪ್ಪಣ ಬರೆದರು, ಆಕಾರ ಕಟ್ಟಿದರು. ನಮ್ಮ ಜನರ ಹೊಲಕ್ಕೆ ಅಲ್ಲಿಯವರೆಗೆ ಹೆಸರಿತ್ತು: ಹುಣಸೀಗಿಡದ ಪಟ್ಟಿ, ಹಳ್ಳದ ದಂಡೆಯ ಹೊಲ, ಗುಡಿಯ ಮುಂದಿನ ಎರಿ. ಆಮೇಲೆ ನಂಬರು ಬಂದಿತು, ಹೆಸರು ಕಾಗದ ಬಿಟ್ಟು ಬಾಯಿಯಲ್ಲಿ ಉಳಿಯಿತು.

ಮನುಷ್ಯರ ಹೆಸರಿನಲ್ಲಿ ಮಾತ್ರ ಹೊಲ ಇನ್ನೂ ಉಳಿದಿದೆ. ನಾನು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ದಿನಾಲು ಹಾಜರಿ ಕರೆಯುತ್ತಿದ್ದೆ: ಸನದಿ, ವಾಲೀಕಾರ, ತಳವಾರ, ನಾಯಿಕ, ಇನಾಮದಾರ, ದೇಸಾಯಿ, ಕುಲಕರ್ಣಿ. ಕರೆದ ಹುಡುಗ ಕೈ ಎತ್ತುತ್ತಿದ್ದ, ನಾನು ಗುರುತು ಹಾಕುತ್ತಿದ್ದೆ. ಅದು ಒಂದು ಊರಿನ ಜಮೀನಿನ ಇತಿಹಾಸವೆಂದು ತಿಳಿಯಲು ಶಾಲೆ ಬಿಟ್ಟು ಹಳ್ಳಿ ತಿರುಗಬೇಕಾಯಿತು. ದೇಸಾಯಿ, ಇನಾಮದಾರ ಎಂಬ ಅಡ್ಡಹೆಸರಿನ ಹಿಂದೆ ಇಂದಿಗೂ ಬಹುತೇಕ ಹೊಲವಿದೆ. ಸನದಿ, ವಾಲೀಕಾರ ಎಂಬ ಹೆಸರಿನವರಲ್ಲಿ ಅನೇಕರಿಗೆ ಹೆಸರೊಂದೇ ಆಸ್ತಿ. ಶಾಲೆಯ ಪುಸ್ತಕದಲ್ಲಿ ರಾಯಣ್ಣನ ಪಾಠವಿತ್ತು. ಅದೇ ಹುಡುಗರಿಗೆ ನಿಮ್ಮ ಹೆಸರೂ ಆ ಪಾಠದಲ್ಲಿ ಇದೆಯೆಂದು ಹೇಳಿಕೊಡುವ ಏರ್ಪಾಡು ಮಾತ್ರ ಎಲ್ಲಿಯೂ ಇರಲಿಲ್ಲ.

ಹಳೆಯ ವತನ ಪದ್ಧತಿಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ತಪ್ಪು ತಿಳಿಯಬಾರದು. ಸೇವೆಗೆ ಹೊಲ ಎಂಬ ಏರ್ಪಾಡಿನಲ್ಲಿ ಕೊರಳಿಗೆ ಕಟ್ಟಿದ ಹಗ್ಗವೂ ಇತ್ತು. ಊರ ಕೆಳಗಿನ ಕೇರಿಯವರಿಗೆ ಒಂದು ತುಂಡು ನೆಲ ಕೊಟ್ಟು, ಹಗಲು ರಾತ್ರಿ ಊರಿನ ಎಲ್ಲರ ಬಿಟ್ಟಿ ಮಾಡಿಸಿಕೊಂಡರು. 1874ರ ವತನ ಕಾಯಿದೆಯನ್ನು ತಿದ್ದಬೇಕೆಂದು ಡಾ. ಅಂಬೇಡಕರರು ಮುಂಬಯಿ ಕೌನ್ಸಿಲಿನಲ್ಲಿ 1928ರಲ್ಲಿಯೇ ಮಸೂದೆ ತಂದದ್ದು ಈ ದಾಸ್ಯವನ್ನು ಮುರಿಯಲಿಕ್ಕೆ. ವತನಗಳು ಹೋದದ್ದು ಒಳ್ಳೆಯದೇ ಆಯಿತು. ನಮ್ಮಲ್ಲಿ 1961ರ ಕಾಯಿದೆಯಿಂದ ಹಳ್ಳಿಯ ಹುದ್ದೆಗಳು ರದ್ದಾದವು. ಹೊಲವನ್ನು ಸೇವೆ ಮಾಡಿದ ಮನೆತನಕ್ಕೇ ಮರಳಿ ಮಂಜೂರು ಮಾಡಬೇಕೆಂದು ಆ ಕಾಯಿದೆ ಹೇಳಿತು. ದಾಸ್ಯ ಹೋಯಿತು, ಹೊಲವೂ ಎಷ್ಟೋ ಕಡೆ ಅದರ ಬೆನ್ನು ಹಿಡಿದು ಹೋಯಿತು. ಮಂಜೂರಿಯ ಹಣ ಕಟ್ಟಲಾರದೆ, ಮದುವೆಯ ಸಾಲಕ್ಕೆ, ಬರದ ವರುಷದ ಜೋಳಕ್ಕೆ ಬರೆದುಕೊಟ್ಟವರು ಬಹಳ. ಹಾಗೆ ಹೋದ ಪರಿಶಿಷ್ಟರ ಭೂಮಿಯನ್ನು ಮರಳಿ ಕೊಡಿಸಲು 1978ರಲ್ಲಿ ಪ್ರತ್ಯೇಕ ಕಾಯಿದೆ ತರಬೇಕಾಯಿತೆಂದರೆ ಹೋದದ್ದು ಎಷ್ಟೆಂಬುದನ್ನು ಊಹಿಸಬಹುದು.

ಹಾಗಾದರೆ ನಮ್ಮ ಬೇಡಿಕೆ ಏನು? ಸಂಗೊಳ್ಳಿಯಲ್ಲಿ ರಾಯಣ್ಣನ ಶಿಲ್ಪವನ ಆಗಿದೆ, ಅವನ ಹೆಸರಿನ ಸೈನಿಕ ಶಾಲೆ ಬಂದಿದೆ. ಜನೆವರಿಯಲ್ಲಿ ಉತ್ಸವ ನಡೆಯುತ್ತದೆ. ಕಿತ್ತೂರ ಕೋಟೆಯಲ್ಲಿ ವಸ್ತುಸಂಗ್ರಹಾಲಯ ಇದೆ. ಬೆಂಗಳೂರಿನ ದೊಡ್ಡ ರೇಲ್ವೆ ನಿಲ್ದಾಣಕ್ಕೂ ಅವನ ಹೆಸರು. ಇವು ಬೇಡವೆನ್ನುವ ಹೊಟ್ಟೆಕಿಚ್ಚು ನಮಗಿಲ್ಲ. ಸಾಮಾನ್ಯ ವಾಲೀಕಾರನೊಬ್ಬನ ಹೆಸರು ರಾಜಧಾನಿಯ ನಿಲ್ದಾಣದ ಹಣೆಯ ಮೇಲೆ ಬಂದದ್ದು ಕಡಿಮೆ ಮಾತಲ್ಲ. ಆದರೆ ಶಿಲೆಯ ರಾಯಣ್ಣನಿಗೆ ಸುಣ್ಣಬಣ್ಣ ಮಾಡಿ, ಅವನು ಜಗಳಾಡಿದ ವಸ್ತುವನ್ನು ಮಾತ್ರ ಮುಚ್ಚಿಡುವುದು ನ್ಯಾಯವೇ?

ನಮ್ಮ ದೇಶದ 1958ರ ಕಾಯಿದೆಯಲ್ಲಿ ಕಟ್ಟಡ, ಗೋರಿ, ಗವಿ, ಶಾಸನ, ಏಕಶಿಲೆ ಇವು ನೂರು ವರುಷ ದಾಟಿದ್ದರೆ ಪ್ರಾಚೀನ ಸ್ಮಾರಕಗಳು. ಅವಶೇಷಗಳಿರುವ ನೆಲವನ್ನೂ ಸಂರಕ್ಷಿಸಬಹುದು. ಕರ್ನಾಟಕದ್ದೇ ಆದ 1961ರ ಕಾಯಿದೆಯೂ ಉಂಟು. ಅಂದರೆ ಮನಸ್ಸಿದ್ದರೆ ಹೊಲದ ಹಳೆಯ ಒಡ್ಡನ್ನು, ಲಿಂಗಮುದ್ರೆಯ ಕಲ್ಲನ್ನು, ಶೇತಸನದಿ ಹೊಲದ ಎಲ್ಲೆಯನ್ನು ಕಾಯಲು ದಾರಿ ಇದೆ. ಆದರೆ ಗುಡಿ ಕೋಟೆಗಳ ಆಚೆಗೆ ನಮ್ಮ ಇಲಾಖೆಗಳ ಕಣ್ಣು ಹೋಗುವ ರೂಢಿ ಇಲ್ಲ. ಹೊಲದ ಮೂಲೆಯ ಮುದ್ರೆಗಲ್ಲನ್ನು ಯಾರೋ ಎತ್ತಿ ತಂದು ಬಚ್ಚಲಿಗೆ ಹಾಸಿದರೆ ಕೇಳುವವರಿಲ್ಲ.

ಇಲ್ಲಿ ಅಂಗಡಿಕಾರ ಬಂಧುಗಳಿಗೆ ಒಂದು ಭಯ ಹುಟ್ಟುವುದು ಸಹಜ. ಸಂರಕ್ಷಣೆ ಎಂಬ ಹೆಸರು ಹೇಳಿದೊಡನೆ ತಂತಿಬೇಲಿ, ಪಹರೆಯವನು, ನೋಟೀಸು ಕಣ್ಣ ಮುಂದೆ ಬರುತ್ತವೆ. ಭಯಕ್ಕೆ ಕಾರಣವೂ ಇದೆ. 2010ರ ತಿದ್ದುಪಡಿಯಿಂದ ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ ನಿಷಿದ್ಧ ಪ್ರದೇಶ, ಅದರಾಚೆ 200 ಮೀಟರ ನಿಯಂತ್ರಿತ ಪ್ರದೇಶ. 2011ರ ಜುಲೈ ಕೊನೆಗೆ ಹಂಪಿಯ ಬಜಾರದಲ್ಲಿ ಯಂತ್ರ ತಂದು ಚಿಕ್ಕ ಚಿಕ್ಕ ಅಂಗಡಿಕಾರರ, ಅಲ್ಲಿಯೇ ಬಾಳುತ್ತಿದ್ದ ನೂರಾರು ಸಂಸಾರಗಳ ಮನೆ ಕೆಡವಿದ್ದನ್ನು ನಾವು ಮರೆತಿಲ್ಲ. ವಿಜಯನಗರದ ಕಾಲಕ್ಕೆ ಆ ಬೀದಿಯಲ್ಲಿ ವ್ಯಾಪಾರ ನಡೆದದ್ದು ಇತಿಹಾಸ, ಈ ಕಾಲಕ್ಕೆ ಬಾಳೆಹಣ್ಣು ಮಾರಿದರೆ ಅಪರಾಧ! ಇಂಥ ಸಂರಕ್ಷಣೆ ರೋಸಲ್ ಹಳ್ಳಿಯ ಸಂರಕ್ಷಣೆ. ಮೊದಲು ಜನರನ್ನು ಅಟ್ಟು, ಆಮೇಲೆ ಅವರ ಒಲೆಯ ಕಲ್ಲಿಗೆ ಫಲಕ ಹಾಕು. ನಮಗೆ ಅದು ಬೇಡ. ಹೊಲದ ಸ್ಮಾರಕವೆಂದರೆ ಉಳುವವನು ಒಳಗಿರಬೇಕು. ಕೂರಿಗೆ ಹೂಡುವವರೆಗೆ, ರಾಶಿ ಆಗುವವರೆಗೆ ಅದು ಸ್ಮಾರಕ. ಉಳುಮೆ ನಿಂತರೆ ಬರೀ ಬಯಲು.

ಸ್ಕಾಟ್ಲಂಡದವರಿಂದಲೇ ಕಲಿಯಬೇಕಾದ ಇನ್ನೊಂದು ಪಾಠವಿದೆ, ಅದು ಪುರಾತತ್ವದವರ ಪಾಠವಲ್ಲ. 1882ರಲ್ಲಿ ಸ್ಕೈ ಎಂಬ ನಡುಗಡ್ಡೆಯ ಬ್ರೇಸ್ ಎಂಬಲ್ಲಿ ಜಮೀನುದಾರ ಕಸಿದುಕೊಂಡ ಗುಡ್ಡದ ಹುಲ್ಲುಗಾವಲು ಮರಳಿ ಬೇಕೆಂದು ಒಕ್ಕಲಿಗರು ಖಂಡ ಕೊಡುವುದನ್ನು ನಿಲ್ಲಿಸಿದರು. ಗ್ಲಾಸ್ಗೋದಿಂದ ಐವತ್ತು ಪೊಲೀಸರು ಬಂದರು. ಹೆಂಗಸರು ಕಲ್ಲು ಹಿಡಿದು ಎದುರು ನಿಂತರು. ಸರಕಾರ ವಿಚಾರಣಾ ಮಂಡಳಿ ನೇಮಿಸಬೇಕಾಯಿತು, 1886ರಲ್ಲಿ ಒಕ್ಕಲಿಗನನ್ನು ಎಬ್ಬಿಸಬಾರದೆಂಬ ಕಾಯಿದೆ ಬಂದಿತು. 2003ರ ಕಾಯಿದೆಯಿಂದ ಹಳ್ಳಿಯ ಜನ ಕೂಡಿ ಜಮೀನನ್ನು ಕೊಳ್ಳುವ ಹಕ್ಕನ್ನೂ ಪಡೆದರು. ಬ್ರೇಸದ ಹೆಂಗಸರಿಗೂ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಕೊಳಗದ ಅಳತೆಯ ಮೋಸಕ್ಕೆ ಎದುರು ನಿಂತ ದೀವರ ಗೇಣಿದಾರರಿಗೂ ಪರಸ್ಪರ ಹೆಸರೂ ಗೊತ್ತಿರಲಿಲ್ಲ. ಕಾಗೋಡಿಗೆ ಬಂದ ಲೋಹಿಯಾ ಅವರನ್ನು ಸರಕಾರ ಬಂಧಿಸಿತು. ಉಳುವವನಿಗೆ ಹೊಲ ಕೊಡುವ ಬಲವಾದ ತಿದ್ದುಪಡಿ ಜಾರಿಗೆ ಬರಲು 1974ರ ತನಕ ಕಾಯಬೇಕಾಯಿತು. 2020ರಲ್ಲಿ ಇನ್ನೊಂದು ತಿದ್ದುಪಡಿ ತಂದು ಒಕ್ಕಲುತನ ಮಾಡದವನೂ ಹೊಲ ಕೊಳ್ಳಬಹುದೆಂದು ಬಾಗಿಲು ತೆರೆದಿದ್ದಾರೆ. ಒಳಗೆ ಬರುವವರು ಕೂರಿಗೆ ಹಿಡಿದು ಬರುವವರಲ್ಲವೆಂದು ಬಾಗಿಲು ತೆರೆದವರಿಗೂ ಗೊತ್ತು.

ಇನ್ನು ಗಾಯರಾಣದ ಮಾತು. ರಾಯಣ್ಣನ ಹೊಲ ಒಂದು ಮನೆತನದ್ದು. ಗಾಯರಾಣ ಇಡೀ ಊರಿನದು. ಸ್ಕಾಟ್ಲಂಡದಲ್ಲಿ ಕುರಿ ಬಂದು ಮನುಷ್ಯನನ್ನು ಅಟ್ಟಿತು. ನಮ್ಮಲ್ಲಿ ರಾಯಣ್ಣನ ಕುಲದ ಕುರಿಕಾರನಿಗೇ ಕುರಿ ನಿಲ್ಲಿಸಲು ನೆಲ ಇಲ್ಲ! ಮಳೆ ಹೋದ ಮೇಲೆ ಹಿಂಡು ಹೊಡಕೊಂಡು, ಹೆಂಡಿರು ಮಕ್ಕಳು ಕೋಳಿ ನಾಯಿ ಸಮೇತ ಊರೂರು ತಿರುಗುವವನಿಗೆ ಒಂದೊಂದು ಊರಿನಲ್ಲಿ ಇದ್ದ ಗಾಯರಾಣವೇ ಆಸರೆ. 1964ರ ಭೂಕಂದಾಯ ಕಾಯಿದೆಯ 71ನೆಯ ಕಲಮಿನಂತೆ ದನ ಮೇಯಲು ನೆಲ ತೆಗೆದಿಡಬೇಕು. 1966ರ ನಿಯಮಗಳಲ್ಲಿ ನೂರು ದನಕ್ಕೆ 30 ಎಕರೆ ಎಂಬ ಲೆಕ್ಕ ಇದೆ. ಇದು ಇಷ್ಟಾದರೂ ಇರಲಿ ಎಂದು ಹಾಕಿದ ಲೆಕ್ಕ. ಕಚೇರಿಯಲ್ಲಿ ಅದೇ ಲೆಕ್ಕ ತಿರುಗಿ, ಇದಕ್ಕಿಂತ ಮೇಲಿದ್ದದ್ದು ಹೆಚ್ಚುವರಿ ಎಂದು ತೆಗೆದು ಹಂಚುವ ದಾರಿ ಆಯಿತು. ಹಳ್ಳಿಯ ಸಾರ್ವಜನಿಕ ನೆಲದ ಒತ್ತುವರಿ ತೆರವು ಮಾಡಿರಿ ಎಂದು ಸುಪ್ರೀಂ ಕೋರ್ಟು 2011ರ ಜನೆವರಿ 28ರಂದು ಎಲ್ಲ ರಾಜ್ಯಗಳಿಗೆ ಹೇಳಿದೆ. ತೆರವಿನ ಯಂತ್ರ ಬಂದರೆ ಮೊದಲು ಬೀಳುವುದು ಅರ್ಧ ಎಕರೆ ಬಗರಹುಕುಂ ಮಾಡಿಕೊಂಡ ಬಡವನ ಗುಡಿಸಲು, ಗ್ರಾಮದ ಧಣಿಯ ಕಬ್ಬಿನ ಪಡಕ್ಕೆ ಅದು ಮುಟ್ಟುವುದಿಲ್ಲ.

ಮೈಸೂರು ಸೀಮೆಯ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದು. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ ದನಗಳಿಗಾಗಿ ಕಾಯ್ದಿಟ್ಟ ಕಾವಲುಗಳು, ಅಂದರೆ ದೊಡ್ಡ ಹುಲ್ಲುಗಾವಲುಗಳು, ಅಲ್ಲಿವೆ. ಎತ್ತುಗಳಷ್ಟೇ ಅಲ್ಲ, ಸುತ್ತಲಿನ ಹಳ್ಳಿಯ ಕುರಿ, ಕಂಬಳಿಯ ನೇಕಾರಿಕೆ ಎಲ್ಲವೂ ಆ ಹುಲ್ಲಿನ ಮೇಲೆ ನಿಂತಿದ್ದವು. ಚಳ್ಳಕೆರೆಯ ಹತ್ತಿರದ ಅಂಥ ಕಾವಲಿನಲ್ಲಿ 2009ರಿಂದ ಮುಂದೆ ಎರಡು ಮೂರು ವರುಷಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟುಬಿಟ್ಟರು. ಸುತ್ತಲೂ ಗೋಡೆ ಎದ್ದಿತು. ದನ ಮೇಯಿಸುತ್ತಿದ್ದವರಿಗೆ ಗೊತ್ತಾದದ್ದು ಗೋಡೆ ಕಟ್ಟಲು ಬಂದಾಗ. ಹಸಿರು ನ್ಯಾಯಮಂಡಳಿಯ ತನಕ ಹೋರಾಡಿದರೂ ಕಾವಲು ಕಾವಲಾಗಿ ಮರಳಲಿಲ್ಲ. ಕಂಬಳಿ ಮಾರುವವನ, ನೂಲು ಕೊಳ್ಳುವವನ, ಸಂತೆಯಲ್ಲಿ ಚಹಾದ ಅಂಗಡಿ ಇಟ್ಟವನ ವ್ಯಾಪಾರಕ್ಕೂ ಆ ಗೋಡೆ ಅಡ್ಡ ಬಂತು. ಬೈಲಹೊಂಗಲದ ಹತ್ತಿಪ್ಯಾಟೆಯ ಚಿಲ್ಲರೆ ವ್ಯಾಪಾರಸ್ಥರು ಇದನ್ನು ನೆನಪಿಡಬೇಕು. ಹಳ್ಳಿಯ ಸಣ್ಣ ಹಿಡುವಳಿಯವನು ಬಟ್ಟೆಗೆ, ಬೆಲ್ಲಕ್ಕೆ, ಹಗ್ಗಕ್ಕೆ ನಿಮ್ಮ ಅಂಗಡಿಗೆ ಬರುತ್ತಾನೆ. ನೂರು ಎಕರೆಯ ಧಣಿ ಬೆಳಗಾವಿಯ ದೊಡ್ಡ ಮಳಿಗೆಗೆ ಹೋಗುತ್ತಾನೆ.

ಆದ್ದರಿಂದ ನಾನು ಸೂಚಿಸುವುದು ಇಷ್ಟು. ಆಗಿನ ಸಂಪಗಾಂವ ತಾಲೂಕಿನ, ಇಂದಿನ ಬೈಲಹೊಂಗಲ ಕಿತ್ತೂರ ತಾಲೂಕುಗಳ ಹಳೆಯ ದಫ್ತರಗಳಲ್ಲಿ ಶೇತಸನದಿ ಇನಾಮುಗಳ ಲೆಕ್ಕ ಹುಡುಕಬೇಕು. ಇನಾಮ ನೋಂದಣಿ, ಮೊದಲ ಸರ್ವೆಯ ಟಿಪ್ಪಣ, ಆಕಾರಬಂದ, ಇವನ್ನು ಇಲಿ ತಿನ್ನುವ ಮೊದಲು ತೆಗೆದು, ಯಾವ ಊರಿನ ಯಾವ ನಂಬರು ಯಾವ ಸೇವೆಗೆ ಬಿಟ್ಟಿತ್ತೆಂದು ಕನ್ನಡದಲ್ಲಿ ಪಟ್ಟಿ ಮಾಡಿ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಹಳೆಯ ದಫ್ತರ ಮೋಡಿಯಲ್ಲಿ ಇದ್ದೀತು, ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಧಾರವಾಡದ ವಿಶ್ವವಿದ್ಯಾಲಯದವರು ಇದಕ್ಕೆ ಹುಡುಗರನ್ನು ತಯಾರು ಮಾಡಲಿ. ಸಂಗೊಳ್ಳಿಯಲ್ಲಿ ರಕ್ತಮಾನ್ಯವೆಂದು ಜನ ತೋರಿಸುವ ನೆಲವನ್ನು ದಫ್ತರದ ಜೊತೆ ತಾಳೆ ನೋಡಲಿ. ಸಿಕ್ಕರೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಡಲಿ. ಇಂದು ಯಾರು ಉಳುತ್ತಿದ್ದಾರೋ ಅವರೇ ಉಳಲಿ, ಅವರಿಂದ ಒಂದು ಗುಂಟೆಯನ್ನೂ ತೆಗೆಯಬಾರದು. ಮಾರುವ ಪ್ರಸಂಗ ಬಂದರೆ ಊರ ಒಕ್ಕಲಿಗನಿಗೇ ಮಾರಬೇಕೆಂಬ, ಕಟ್ಟಡ ಏರಬಾರದೆಂಬ ಕರಾರು ಇರಲಿ. ಉಳುವವನಿಗೆ ಅದಕ್ಕಾಗಿ ವರುಷಕ್ಕೊಮ್ಮೆ ಸರಕಾರ ರೊಕ್ಕ ಕೊಡಲಿ. ಉತ್ಸವದ ಒಂದು ಸಂಜೆಯ ಕಮಾನು ದೀಪಗಳ ಖರ್ಚಿನಲ್ಲಿ ಇಂಥ ಹತ್ತು ಹೊಲ ಸಾಗೀತು.

ಇದರ ಜೊತೆಗೇ ಈ ಸೀಮೆಯ ಪ್ರತಿ ಊರಿನ ಗಾಯರಾಣವನ್ನು ಅಳೆಯಿಸಬೇಕು. ಅರ್ಜಿ ಹಾಕಿದರೆ ತಲಾಠಿ ಸರ್ವೆಯವನನ್ನು ತೋರಿಸುತ್ತಾನೆ, ಸರ್ವೆಯವನು ಮಾಮಲೇದಾರನನ್ನು ತೋರಿಸುತ್ತಾನೆ. ಒಬ್ಬನ ಅರ್ಜಿ ಬುಟ್ಟಿಗೆ ಹೋಗುತ್ತದೆ, ಊರಿನ ಗ್ರಾಮಸಭೆಯ ಠರಾವು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಬರುವ ಗ್ರಾಮಸಭೆಯಲ್ಲಿ, ಗಿರಣಿಗೆ ದುಡಿಯಲು ಹೋದವರೂ ಆ ದಿನ ಊರಿಗೆ ಬಂದು ಕುಳಿತು, ಮೂಲ ಟಿಪ್ಪಣದ ನಕಲು ಬೇಕೆಂದು ಬರೆದು ಸಹಿ ಹಾಕಲಿ. ಕುರಿಕಾರರು ಊರಲ್ಲಿ ಇರುವ ತಿಂಗಳು ನೋಡಿ ಸಭೆ ಕರೆಯಬೇಕು. ಅವರು ತಿರುಗಲು ಹೋದಾಗ ಸಭೆ ಮಾಡಿ, ಗಾಯರಾಣ ಯಾರಿಗೂ ಬೇಡವೆಂದು ಬರೆದುಕೊಳ್ಳುವ ಯುಕ್ತಿಯನ್ನು ನಾವು ಎರಡು ಮೂರು ಊರಲ್ಲಿ ಕಂಡಿದ್ದೇವೆ. ಟಿಪ್ಪಣದ ನಕಲಿಗೆ ಅರ್ಜಿಯ ಮಾದರಿಯನ್ನು ನಮ್ಮ ಕಚೇರಿಯಲ್ಲಿ ಬರೆದು ಇಟ್ಟಿದೆ, ಬಂದು ಒಯ್ಯಬಹುದು.